ಎರಡು ದಡ, ಒಂದು ಊರು: ನೈಸೆ ನದಿಯ ಗಡಿಯಲ್ಲಿ ಗೋರ್ಲಿಟ್ಸ್



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿರಿ, ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಟ್ಟಿರಿ. ಎರಡಕ್ಕೂ ನಾನು ಕೃತಜ್ಞ. ನಾನು ಆರಿಸಿಕೊಂಡಿರುವುದು ಜರ್ಮನಿಯ ಅತಿ ಪೂರ್ವದ ಊರನ್ನು. ಅದರ ಹೆಸರು ಗೋರ್ಲಿಟ್ಸ್. ಜನಸಂಖ್ಯೆ ಐವತ್ತಾರು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರದಷ್ಟು. ಊರಿನ ಅಂಚಿಗೆ ನೈಸೆ ಎಂಬ ನದಿ ಹರಿಯುತ್ತದೆ. ಆ ದಡದಿಂದ ಕೂಗಿದರೆ ಈ ದಡಕ್ಕೆ ಕೇಳಿಸುವಷ್ಟೇ ಅದರ ಅಗಲ. ಆ ದಡದಲ್ಲಿ ಪೋಲೆಂಡ್ ದೇಶದ ಜ್ಗೊಜೆಲೆಟ್ಸ್ ಎಂಬ ಊರಿದೆ. ಅಲ್ಲಿ ಮೂವತ್ತು ಸಾವಿರದಷ್ಟು ಜನ. 1945ರ ಬೇಸಿಗೆಯವರೆಗೆ ಇವೆರಡೂ ಒಂದೇ ಊರಾಗಿದ್ದವು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಗಡಿಯ ಎರಡು ಬದಿಯ ಜನ ಒಳ್ಳೆಯ ನೆರೆಹೊರೆಯವರಾಗಬೇಕಾದರೆ ಮೊದಲು ಗಡಿ ಮಸುಕಾಗಬೇಕು ಎಂದು ನಾವು ನಂಬುತ್ತೇವೆ. ಗೋರ್ಲಿಟ್ಸ್‌ನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಗಡಿ ಎಲ್ಲಿದೆ ಎಂಬ ಪ್ರಶ್ನೆ ಅನುಮಾನಕ್ಕೆ ಎಡೆಯಿಲ್ಲದಂತೆ ಬಗೆಹರಿದ ಮೇಲೆ, ಕಳೆದುಹೋದ ನೆಲದ ಮೇಲಿನ ಹಕ್ಕನ್ನು ಜರ್ಮನಿ ಶಾಶ್ವತವಾಗಿ ಬಿಟ್ಟುಕೊಟ್ಟ ಮೇಲೆ, ಅಲ್ಲಿ ಬಾಗಿಲು ತೆರೆಯಿತು. ಅಣ್ಣತಮ್ಮಂದಿರ ನಡುವೆ ಪಾಲುಪತ್ರ ನೋಂದಣಿಯಾಗುವ ತನಕ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ. ಪತ್ರವಾದ ಮೇಲೆ ಹಬ್ಬದ ಊಟಕ್ಕೆ ಕರೆಯುವುದು ಸುಲಭವಾಗುತ್ತದೆ. ಈ ಸಣ್ಣ ಸತ್ಯ ದೇಶಗಳ ಮಟ್ಟದಲ್ಲಿಯೂ ನಿಜ ಎಂಬುದಕ್ಕೆ ಗೋರ್ಲಿಟ್ಸ್ ಸಾಕ್ಷಿ. ಅಲ್ಲಿಗೆ ತಲುಪಲು ಹಿಡಿದ ಕಾಲ ಮತ್ತು ತೆತ್ತ ಬೆಲೆ, ಎರಡನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ದಾರಿಯ ಮೇಲಿನ ಊರು

ಈ ಊರಿನ ಹೆಸರು ಮೊದಲು ಕಾಣುವುದು 1071ರ ಒಂದು ರಾಜಶಾಸನದಲ್ಲಿ. ನಾಲ್ಕನೆಯ ಹೆನ್ರಿ ದೊರೆ ಇಲ್ಲಿನ ಹಳ್ಳಿಯನ್ನು ಮೈಸ್ಸೆನ್ ಬಿಷಪ್ಪನಿಗೆ ಬರೆದುಕೊಟ್ಟ ಪತ್ರ ಅದು. ಹಳ್ಳಿ ಊರಾಗಿ ಬೆಳೆದದ್ದು ದಾರಿಯಿಂದ. ಪಶ್ಚಿಮ ಯುರೋಪಿನಿಂದ ಪೋಲೆಂಡಿನತ್ತ ಸಾಗುತ್ತಿದ್ದ 'ವಿಯಾ ರೆಜಿಯಾ' ಎಂಬ ರಾಜಮಾರ್ಗ ನೈಸೆಯನ್ನು ದಾಟುತ್ತಿದ್ದುದು ಇಲ್ಲಿ. ವರ್ತಕರು ನಿಂತರು, ಸುಂಕ ಕಟ್ಟಿದರು, ಉಣ್ಣೆಬಟ್ಟೆ ಮಾರಿದರು. 1339ರಲ್ಲಿ ಈ ಊರಿಗೆ ಒಂದು ವಿಶೇಷ ಹಕ್ಕು ಸಿಕ್ಕಿತು. ಬಟ್ಟೆಗೆ ನೀಲಿ ಬಣ್ಣ ಕೊಡುವ ವೋಡ್ ಎಂಬ ಗಿಡದ ಸರಕನ್ನು ಈ ದಾರಿಯಲ್ಲಿ ಒಯ್ಯುವ ವರ್ತಕರೆಲ್ಲ ಇಲ್ಲಿ ಇಳಿಸಿ ಮಾರಾಟಕ್ಕೆ ಇಡಲೇಬೇಕು ಎಂಬ ಹಕ್ಕು ಅದು. ಗೋರ್ಲಿಟ್ಸ್‌ನ ಸಿರಿವಂತಿಕೆಯ ಒಂದು ಮುಖ್ಯ ಬೇರು ಈ ನೀಲಿಯಲ್ಲಿತ್ತು. ಮುಂದೆ ಹಡಗುಗಳಲ್ಲಿ ಭಾರತದ ನೀಲಿ ಯುರೋಪಿಗೆ ಬಂದಿಳಿಯತೊಡಗಿದ ಮೇಲೆ ಅವರ ಗಿಡದ ನೀಲಿಗೆ ಕೇಳುವವರಿಲ್ಲವಾದರು. ನಮ್ಮ ಉಪಖಂಡದ ಒಂದು ಬೆಳೆ ಆ ದೂರದ ಊರಿನ ವ್ಯಾಪಾರದ ದಿಕ್ಕು ಬದಲಿಸಿತು.

1346ರಲ್ಲಿ ಗೋರ್ಲಿಟ್ಸ್, ಬೌಟ್ಸೆನ್, ಸಿಟ್ಟೌ, ಲೌಬಾನ್, ಕಾಮೆನ್ಸ್, ಲೋಬೌ ಎಂಬ ಆರು ಊರುಗಳು ಸೇರಿ ದಾರಿಗಳ್ಳರ ವಿರುದ್ಧ ಒಂದು ಒಕ್ಕೂಟ ಕಟ್ಟಿಕೊಂಡವು. ಅವುಗಳಲ್ಲಿ ಐದು ಇಂದು ಜರ್ಮನಿಯಲ್ಲಿವೆ, ಒಂದು ಪೋಲೆಂಡಿನಲ್ಲಿದೆ. ಈ ಸೀಮೆ ಬೊಹೆಮಿಯಾದ ಅರಸರ ಕೈಯಲ್ಲಿತ್ತು, ಆಮೇಲೆ ಸ್ಯಾಕ್ಸನಿಗೆ ಸೇರಿತು, 1815ರಲ್ಲಿ ಪ್ರಷ್ಯಕ್ಕೆ ಹೋಯಿತು. ದೊರೆಗಳು ಬದಲಾದರು, ಊರು ಮಾತ್ರ ನದಿಯ ಎರಡೂ ದಡದಲ್ಲಿ ಒಂದಾಗಿಯೇ ಬೆಳೆಯಿತು.

ಆ ಒಂದು ಊರಿನ ಬದುಕು ಹೇಗಿತ್ತು ಎಂದು ತಿಳಿಯಲು ಒಬ್ಬನ ಬಾಳು ಸಾಕು. ಯಾಕೋಬ್ ಬೋಮೆ 1575ರಲ್ಲಿ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದ. ಚಪ್ಪಲಿ ಹೊಲಿಯುವ ಕಸುಬು ಕಲಿತು ಗೋರ್ಲಿಟ್ಸ್‌ನಲ್ಲಿ ನೆಲೆಸಿದ. ದೇವರು, ಕೇಡು, ಬೆಳಕು, ಕತ್ತಲೆಗಳ ಬಗ್ಗೆ ತನಗೆ ಕಂಡದ್ದನ್ನು 1612ರಲ್ಲಿ 'ಔರೋರಾ' ಎಂಬ ಗ್ರಂಥವಾಗಿ ಬರೆದ. ಊರಿನ ಮುಖ್ಯ ಪಾದ್ರಿ ಗ್ರೆಗೊರ್ ರಿಕ್ಟರ್ ಕೆಂಡವಾದ. ಚಮ್ಮಾರ ಧರ್ಮಶಾಸ್ತ್ರ ಬರೆಯುವುದೆಂದರೇನು ಎಂದು ಅವನಿಗೆ ಬರವಣಿಗೆಯನ್ನೇ ನಿಷೇಧಿಸಲಾಯಿತು. ಕೆಲವು ವರ್ಷ ಸುಮ್ಮನಿದ್ದ ಬೋಮೆ ಮತ್ತೆ ಬರೆದ, 1624ರಲ್ಲಿ ತೀರಿಕೊಂಡ. ಎರಡು ಶತಮಾನಗಳ ಮೇಲೆ ತತ್ತ್ವಜ್ಞಾನಿ ಹೆಗೆಲ್ ಅವನನ್ನು ಜರ್ಮನಿಯ ಮೊದಲ ತತ್ತ್ವಜ್ಞಾನಿ ಎಂದು ಕರೆದ. ಬೋಮೆ ಬಾಳಿದ ಮನೆ ನೈಸೆಯ ಪೂರ್ವ ದಡದಲ್ಲಿದೆ, ಸಮಾಧಿ ಪಶ್ಚಿಮ ದಡದಲ್ಲಿದೆ. ಅವನ ಕಾಲದಲ್ಲಿ ಇದು ಓಣಿಯಿಂದ ಓಣಿಗೆ ಹೋಗುವಷ್ಟು ಸಹಜ ದೂರ. ಇಂದು ಮನೆ ಒಂದು ದೇಶದಲ್ಲಿ, ಸಮಾಧಿ ಇನ್ನೊಂದು ದೇಶದಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಮತ್ತೆ ಚುರುಕಾಯಿತು. 1847ರ ಹೊತ್ತಿಗೆ ನದಿಯ ಮೇಲೆ ಕಲ್ಲುಕಮಾನುಗಳ ಎತ್ತರದ ರೈಲು ಸೇತುವೆ ಸಿದ್ಧವಾಯಿತು. 1849ರಲ್ಲಿ ರೈಲು ಬೋಗಿ ಕಟ್ಟುವ ಕಾರ್ಖಾನೆ ಶುರುವಾಯಿತು. ಅದರ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ. ಹದಿನೈದನೆಯ ಪೂರ್ವ ರೇಖಾಂಶ ಈ ಊರಿನ ಮೂಲಕ ಹಾದುಹೋಗುತ್ತದೆ. 1893ರಲ್ಲಿ ಜರ್ಮನಿ ದೇಶಕ್ಕೆಲ್ಲ ಒಂದೇ ಗಡಿಯಾರ ಎಂದು ಕಾನೂನು ಮಾಡಿದಾಗ ಆಧಾರವಾಗಿ ಹಿಡಿದದ್ದು ಈ ರೇಖೆಯನ್ನು. ಮಧ್ಯ ಯುರೋಪಿನ ಬಹುಪಾಲು ಜನ ಇಂದಿಗೂ ಗಂಟೆ ನೋಡುವುದು ಈ ರೇಖೆಯ ಲೆಕ್ಕದಲ್ಲಿ. ಹೀಗೆ ದಾರಿ, ರೈಲು, ಗಡಿಯಾರಗಳ ದೃಷ್ಟಿಯಿಂದ ಊರು ನಡುವಿನಲ್ಲಿತ್ತು. ಅದು ಅಂಚಿನ ಊರಾಗುತ್ತದೆಂದು ಊಹಿಸುವುದಕ್ಕೆ ಅಲ್ಲಿನವರಿಗೆ ಕಾರಣವೇ ಇರಲಿಲ್ಲ.

ಒಂದು ಬೇಸಿಗೆ

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಗೋರ್ಲಿಟ್ಸ್‌ನ ಕಥೆಯನ್ನು 1945ರ ವಿಭಜನೆಯಿಂದ ಆರಂಭಿಸುವವರು ಒಂದು ದೊಡ್ಡ ಅನ್ಯಾಯ ಮಾಡುತ್ತಾರೆ. ಮೊದಲು ಮುರಿದದ್ದು ಪೋಲೆಂಡಿನ ಮನೆಗಳು, ಮೊದಲು ಸತ್ತದ್ದು ಅಲ್ಲಿನ ಜನ. ಗೋರ್ಲಿಟ್ಸ್‌ನ ಯಹೂದಿ ಸಮುದಾಯವೂ ಅದಕ್ಕೆ ಮುಂಚೆಯೇ ಅಳಿಯತೊಡಗಿತ್ತು. 1911ರಲ್ಲಿ ಕಟ್ಟಿದ್ದ ಅವರ ಭವ್ಯ ಪ್ರಾರ್ಥನಾಮಂದಿರಕ್ಕೆ 1938ರ ನವೆಂಬರ್‌ನಲ್ಲಿ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಅದನ್ನು ಆರಿಸಿದರು. ಜರ್ಮನಿಯ ಉದ್ದಗಲಕ್ಕೂ ಯಹೂದಿ ಮಂದಿರಗಳು ಉರಿದು ಬೂದಿಯಾಗುತ್ತಿದ್ದ ಆ ರಾತ್ರಿ ಈ ಕಟ್ಟಡ ಉಳಿಯಿತು. ಅಲ್ಲಿ ಪ್ರಾರ್ಥಿಸುತ್ತಿದ್ದವರು ಉಳಿಯಲಿಲ್ಲ. ಓಡಿಹೋದರು, ಇಲ್ಲವೆ ಕೊಲೆಯಾದರು.

ಯುದ್ಧ ಮುಗಿಯುವ ಹಿಂದಿನ ದಿನ, 1945ರ ಮೇ 7ರಂದು, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ನೈಸೆಯ ಮೇಲಿನ ಸೇತುವೆಗಳನ್ನು ಸಿಡಿಸಿತು. ಊರಿನ ಮೇಲೆ ಬಾಂಬಿನ ಮಳೆ ಸುರಿದಿರಲಿಲ್ಲ. ಗೋಥಿಕ್, ರಿನೈಸಾನ್ಸ್, ಬರೋಕ್ ಕಾಲದ ಮನೆಗಳು ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದವು. ಉರುಳಿದ್ದು ಎರಡು ದಡವನ್ನು ಕೂಡಿಸಿದ್ದ ಸೇತುವೆಗಳು ಮಾತ್ರ. ಜೂನ್ ತಿಂಗಳಲ್ಲಿ ಪೂರ್ವ ದಡದ ಜರ್ಮನರನ್ನು ಪೋಲಿಷ್ ಸೈನಿಕರು ಮನೆಬಿಡಿಸಿ ಹೊರಡಿಸಿದರು. ಆಗಸ್ಟ್ 2ರಂದು ಪಾಟ್ಸ್‌ಡಾಮ್‌ನಲ್ಲಿ ಗೆದ್ದ ರಾಷ್ಟ್ರಗಳು ಓಡರ್ ಮತ್ತು ನೈಸೆ ನದಿಗಳ ಪೂರ್ವಕ್ಕಿರುವ ಪ್ರದೇಶವನ್ನು ಪೋಲೆಂಡಿನ ಆಡಳಿತಕ್ಕೆ ಒಪ್ಪಿಸಿದವು. ಗಡಿಯ ಕೊನೆಯ ತೀರ್ಮಾನ ಮುಂದಿನ ಶಾಂತಿ ಒಪ್ಪಂದದಲ್ಲಿ ಆಗಲಿ ಎಂದು ಬರೆದಿಟ್ಟರು. 'ಮುಂದೆ ನೋಡೋಣ' ಎಂಬ ಆ ಒಂದು ಷರತ್ತು ಹೇಗೆ ನಲವತ್ತೈದು ವರ್ಷ ಎರಡೂ ದಡದವರ ನಿದ್ದೆ ಕೆಡಿಸಿತು ಎಂಬುದೇ ನನ್ನ ಮಾತಿನ ತಿರುಳು.

ಪಶ್ಚಿಮ ದಡಕ್ಕೆ ಪೂರ್ವದಿಂದ ಓಡಿಬಂದವರ ಹೊಳೆಯೇ ಹರಿಯಿತು. ನದಿಯಾಚೆಯ ಸೈಲೀಸಿಯಾ ಸೀಮೆಯಲ್ಲಿ ಮನೆ ಬಿಟ್ಟವರು ನದಿ ದಾಟಿ ಗೋರ್ಲಿಟ್ಸ್‌ನಲ್ಲಿ ನಿಂತರು. 'ನಾಳೆಯೋ ನಾಡಿದ್ದೋ ವಾಪಸು ಹೋಗುತ್ತೇವೆ, ಹತ್ತಿರದಲ್ಲೇ ಇರೋಣ' ಎಂಬ ಆಸೆ ಅವರದು. ಊಟವಿಲ್ಲ, ಕಾಯಿಲೆ ಬೇರೆ. 1940ರ ದಶಕ ಮುಗಿಯುವ ಹೊತ್ತಿಗೆ ಈ ಅರ್ಧ ಊರಿನ ಜನಸಂಖ್ಯೆಯೇ ಒಂದು ಲಕ್ಷ ದಾಟಿತ್ತು.

ಪೂರ್ವ ದಡಕ್ಕೆ ಬಂದವರು ಯಾರು? ಅವರಲ್ಲಿ ಬಹಳ ಜನ ತಾವೂ ಮನೆ ಕಳೆದುಕೊಂಡವರೇ. ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ ಒಕ್ಕೂಟ ನುಂಗಿಕೊಂಡಿತ್ತು. ಇಂದಿನ ಉಕ್ರೇನ್, ಬೆಲಾರೂಸ್, ಲಿಥುವೇನಿಯಾಗಳಲ್ಲಿದ್ದ ಪೋಲಿಷ್ ಕುಟುಂಬಗಳನ್ನು ರೈಲಿನಲ್ಲಿ ತುಂಬಿ ಪಶ್ಚಿಮಕ್ಕೆ ಕಳಿಸಲಾಯಿತು. ಜೊತೆಗೆ ಜರ್ಮನಿಯಲ್ಲಿ ಬಲವಂತದ ದುಡಿಮೆ ಮುಗಿಸಿ ಮರಳುತ್ತಿದ್ದವರು, ಸೇನೆಯಿಂದ ಬಿಡುಗಡೆಯಾದವರು ಬಂದರು. 1949ರ ನಂತರ ಗ್ರೀಸಿನ ಅಂತರ್ಯುದ್ಧದಿಂದ ಪಾರಾಗಿ ಬಂದ ಸಾವಿರಾರು ನಿರಾಶ್ರಿತರಿಗೂ ಜ್ಗೊಜೆಲೆಟ್ಸ್‌ನಲ್ಲಿ ಜಾಗ ಕೊಡಲಾಯಿತು. ಬೇರೊಬ್ಬರ ತಟ್ಟೆಗಳು ಇನ್ನೂ ಕಪಾಟಿನಲ್ಲಿದ್ದ ಮನೆಗಳಲ್ಲಿ ಇವರೆಲ್ಲ ಹೊಸ ಬದುಕು ಆರಂಭಿಸಬೇಕಾಯಿತು.

ಸ್ನೇಹಿತರೇ, ನದಿಯ ಎರಡು ಕಡೆಯೂ ನೆಲೆ ತಪ್ಪಿದವರು ಎದುರುಬದುರಾಗಿ ಕೂತಿದ್ದರು. ಅವರ ನೋವಿನ ಮೂಲ ಒಂದೇ, ಹಿಟ್ಲರನ ಯುದ್ಧ. ಆದರೆ ಆ ನೋವು ಅವರನ್ನು ಹತ್ತಿರ ತರಲಿಲ್ಲ. ಒಂದೇ ಬಗೆಯ ದುಃಖ ಅನುಭವಿಸಿದವರು ತಾವಾಗಿಯೇ ಒಬ್ಬರನ್ನೊಬ್ಬರು ಅರಿಯುತ್ತಾರೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂದು ಇಲ್ಲಿ ಕಾಣುತ್ತದೆ. ಜರ್ಮನರು ಆಚೆ ದಡದ ತಮ್ಮ ಮನೆಯ ಕಿಟಕಿಯನ್ನು ನೋಡುತ್ತಿದ್ದರು. ಪೋಲರು 'ಅವರು ಯಾವತ್ತು ವಾಪಸು ಬಂದು ಎಬ್ಬಿಸುತ್ತಾರೋ' ಎಂದು ಗಂಟುಮೂಟೆ ಪೂರ್ತಿ ಬಿಚ್ಚದೆ ಕಾಯುತ್ತಿದ್ದರು. ನಾಳೆ ತನ್ನದಲ್ಲದ ಮನೆಗೆ ಯಾರು ಸುಣ್ಣ ಹೊಡೆಯುತ್ತಾರೆ? ಪೋಲೆಂಡ್ ಹೊಸದಾಗಿ ಪಡೆದ ಪಶ್ಚಿಮದ ಊರುಗಳಲ್ಲಿ ಹಳೆಯ ಕಟ್ಟಡಗಳು ದಶಕಗಟ್ಟಲೆ ಆರೈಕೆಯಿಲ್ಲದೆ ಸೊರಗಿದ್ದಕ್ಕೆ ಬಡತನದ ಜೊತೆಗೆ ಈ ಅನಿಶ್ಚಿತತೆಯೂ ಕಾರಣ.

ಕಾಗದದ ಮೇಲಿನ ಗೆಳೆತನ

1950ರ ಜುಲೈ 6ರಂದು ಜ್ಗೊಜೆಲೆಟ್ಸ್‌ನ ಗುಮ್ಮಟದ ಸಭಾಭವನದಲ್ಲಿ ಎರಡಾಗಿದ್ದ ಜರ್ಮನಿಯಲ್ಲಿ ಗೋರ್ಲಿಟ್ಸ್ ಸೇರಿದ್ದ ಪೂರ್ವ ಜರ್ಮನಿಯ ಪ್ರಧಾನಿ ಓಟ್ಟೊ ಗ್ರೋಟೆವೋಲ್ ಮತ್ತು ಪೋಲೆಂಡಿನ ಪ್ರಧಾನಿ ಯೂಜೆಫ್ ಸಿರಾಂಕಿಯೆವಿಚ್ ಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ಓಡರ್–ನೈಸೆ ರೇಖೆಯನ್ನು 'ಶಾಂತಿಯ ಗಡಿ' ಎಂದು ಕರೆಯಲಾಯಿತು. ಆದರೆ ಅದು ಮಾಸ್ಕೋದ ಇಚ್ಛೆಯಂತೆ ಆದ ಸಹಿ. ಊರಿನಲ್ಲಿ ತುಂಬಿದ್ದ ನಿರಾಶ್ರಿತರನ್ನು ಯಾರೂ ಕೇಳಿರಲಿಲ್ಲ. ಕಳೆದುಹೋದ ಊರಿನ ಬಗ್ಗೆ ಬಹಿರಂಗವಾಗಿ ಮಾತಾಡುವುದೇ ಅಪರಾಧವೆಂಬಂತಾಯಿತು. ಪಶ್ಚಿಮ ಜರ್ಮನಿಯಂತೂ ಈ ಒಪ್ಪಂದವನ್ನು ಮಾನ್ಯ ಮಾಡಲಿಲ್ಲ. 1970ರಲ್ಲಿ ಅಲ್ಲಿನ ವಿಲ್ಲಿ ಬ್ರಾಂಟ್ ಸರ್ಕಾರ ವಾರ್ಸಾದಲ್ಲಿ ಗಡಿಯನ್ನು ಒಪ್ಪಿಕೊಂಡಿತಾದರೂ ಅಂತಿಮ ಶಾಂತಿ ಒಪ್ಪಂದದ ಪ್ರಶ್ನೆ ಹಾಗೆಯೇ ತೂಗಾಡುತ್ತಿತ್ತು.

ನಡುವೆ ಒಂದು ಕಿಟಕಿ ತೆರೆದಿತ್ತು. 1972ರ ಜನವರಿಯಿಂದ ಪೂರ್ವ ಜರ್ಮನಿ ಮತ್ತು ಪೋಲೆಂಡ್ ಜನ ವೀಸಾ ಇಲ್ಲದೆ ಓಡಾಡಬಹುದಾಯಿತು. ಜ್ಗೊಜೆಲೆಟ್ಸ್ ಕಡೆಯ ಹೆಂಗಸರು ಗೋರ್ಲಿಟ್ಸ್‌ನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದರು. ಗೆಳೆತನಗಳಾದವು, ಮದುವೆಗಳೂ ಆದವು. ಆದರೆ 1980ರಲ್ಲಿ ಪೋಲೆಂಡಿನಲ್ಲಿ 'ಸಾಲಿಡಾರಿಟಿ' ಕಾರ್ಮಿಕ ಸಂಘಟನೆ ತಲೆಯೆತ್ತಿದ ಕೂಡಲೇ ಪೂರ್ವ ಬರ್ಲಿನ್‌ನ ಆಳುವವರು ಬೆದರಿ ಆ ಕಿಟಕಿಯನ್ನು ಮುಚ್ಚಿಬಿಟ್ಟರು. ಗೆಳೆತನವನ್ನು ಘೋಷಿಸಿದ್ದೂ ಸರ್ಕಾರಗಳೇ, ಕಿತ್ತುಕೊಂಡದ್ದೂ ಸರ್ಕಾರಗಳೇ. ಜನರ ಕೈಯಲ್ಲಿ ಇರದ ಗೆಳೆತನಕ್ಕೆ ಆಯುಸ್ಸಿಲ್ಲ.

ತಿರುವು ಬಂದದ್ದು 1990ರಲ್ಲಿ. ಎರಡು ಜರ್ಮನಿಗಳು ಒಂದಾಗಬೇಕಾದರೆ ಈಗಿರುವ ಗಡಿಯನ್ನು ಪೂರ್ತಿಯಾಗಿ ಒಪ್ಪಬೇಕು ಎಂದು ಪೋಲೆಂಡ್ ಪಟ್ಟು ಹಿಡಿಯಿತು, ಅದು ನ್ಯಾಯವೂ ಆಗಿತ್ತು. ಅಕ್ಟೋಬರ್ 3ರಂದು ಜರ್ಮನಿ ಒಂದಾಯಿತು. ನವೆಂಬರ್ 14ರಂದು ವಾರ್ಸಾದಲ್ಲಿ ಗಡಿ ಒಪ್ಪಂದಕ್ಕೆ ಸಹಿ ಬಿತ್ತು. ಈಗಿನ ಗಡಿಯನ್ನು ಎಂದೆಂದಿಗೂ ಮುಟ್ಟುವುದಿಲ್ಲ, ಒಬ್ಬರ ನೆಲದ ಮೇಲೆ ಇನ್ನೊಬ್ಬರಿಗೆ ಯಾವ ಹಕ್ಕೂ ಇಲ್ಲ ಎಂದು ಎರಡೂ ದೇಶಗಳು ಒಪ್ಪಿಕೊಂಡವು. ತಮ್ಮ ಹುಟ್ಟೂರನ್ನು ಕಾನೂನಿನ ಕಣ್ಣಿನಲ್ಲಿಯೂ ಕಳೆದುಕೊಂಡ ಲಕ್ಷಾಂತರ ಜರ್ಮನರಿಗೆ ಇದು ಕಹಿ ಗುಟುಕು. ಆದರೆ ಆ ಗುಟುಕನ್ನು ನುಂಗಿದ್ದರಿಂದಲೇ ಪೂರ್ವ ದಡದ ಮನೆಗಳಲ್ಲಿ ಗಂಟುಮೂಟೆ ಬಿಚ್ಚಲು ಸಾಧ್ಯವಾಯಿತು. ನೆರೆಯವನು ನಿನ್ನ ಮನೆ ಕೇಳಲು ಬಂದಿಲ್ಲ, ಮಾತಾಡಿಸಲು ಬಂದಿದ್ದಾನೆ ಎಂದು ಖಾತ್ರಿಯಾದ ಮೇಲೆ ಕದ ತೆರೆಯುವುದು ಕಷ್ಟವಲ್ಲ.

ಹಕ್ಕು ಬಿಟ್ಟ ಮೇಲೆ

ಎಂಟೇ ವರ್ಷಗಳಲ್ಲಿ, 1998ರ ಮೇ ತಿಂಗಳಲ್ಲಿ, ಎರಡು ನಗರಸಭೆಗಳು ಸೇರಿ ತಮ್ಮನ್ನು 'ಯುರೋಪ್ ನಗರ ಗೋರ್ಲಿಟ್ಸ್–ಜ್ಗೊಜೆಲೆಟ್ಸ್' ಎಂದು ಕರೆದುಕೊಂಡವು. 2004ರ ಮೇ 1ರಂದು ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸಿಡಿದು ಐವತ್ತೊಂಬತ್ತು ವರ್ಷಗಳಾದ ಮೇಲೆ, ಹಳೆಯೂರಿನ ಸೇತುವೆ ಮತ್ತೆ ನಿಂತಿತು. ಸೇಂಟ್ ಪೀಟರ್ ಚರ್ಚಿನ ಬುಡದಿಂದ ಆಚೆ ದಡಕ್ಕೆ ಹೋಗುವ ಈ ಸೇತುವೆ ನಡೆದಾಡುವವರಿಗೆ, ಸೈಕಲ್ ತುಳಿಯುವವರಿಗೆ ಮಾತ್ರ. 2007ರ ಡಿಸೆಂಬರ್ 21ರಂದು ಷೆಂಗೆನ್ ವ್ಯವಸ್ಥೆಗೆ ಪೋಲೆಂಡ್ ಸೇರಿ ಗಡಿ ತಪಾಸಣೆಯೂ ನಿಂತಿತು. ಗಡಿ ಮಾತ್ರ ಒಂದು ಅಂಗುಲವೂ ಸರಿಯಲಿಲ್ಲ. ಕಾನೂನು ಬೇರೆ, ಹಣ ಬೇರೆ, ಭಾಷೆ ಬೇರೆ. ಜನ ಮಾತ್ರ ಕಾಫಿ ಕುಡಿಯಲು ಆ ಕಡೆ, ಔಷಧಿ ತರಲು ಈ ಕಡೆ ಹೋಗಿಬಂದರು.

ಈ ಬೆಳವಣಿಗೆಯನ್ನು ನಾನು ಬಣ್ಣ ಹಚ್ಚಿ ಹೇಳಬಾರದು. ಗೋರ್ಲಿಟ್ಸ್‌ಗೆ ಜರ್ಮನಿಯ ಏಕೀಕರಣ ಸಂಕಟವನ್ನೂ ತಂದಿತು. ಕಾರ್ಖಾನೆಗಳು ಮುಚ್ಚಿದವು, ದಕ್ಷಿಣಕ್ಕಿದ್ದ ಬೆರ್ಟ್ಸ್‌ಡೋರ್ಫ್‌ನ ಕಂದು ಕಲ್ಲಿದ್ದಲಿನ ಗಣಿ 1997ರಲ್ಲಿ ನಿಂತಿತು. ಎಪ್ಪತ್ತೈದು ಸಾವಿರ ಮೀರಿದ್ದ ಜನಸಂಖ್ಯೆ ಐವತ್ತೈದು ಸಾವಿರದ ಹತ್ತಿರಕ್ಕೆ ಕುಸಿಯಿತು. ಹೋದವರಲ್ಲಿ ಯುವಕರು, ಅದರಲ್ಲೂ ಯುವತಿಯರು, ಹೆಚ್ಚು. ಗಣಿಯ ಹೊಂಡ ಇಂದು ದೊಡ್ಡ ಕೆರೆಯಾಗಿದೆ. ಜನ ಅಲ್ಲಿ ಈಜುತ್ತಾರೆ, ದೋಣಿ ನಡೆಸುತ್ತಾರೆ. ಆದರೆ ಕೆರೆ ಉದ್ಯೋಗ ಕೊಡುವುದಿಲ್ಲ.

ಊರಿನ ಕಟ್ಟಡಗಳಾದರೋ ಅಳಿವಿನ ಅಂಚಿನಿಂದ ಮರಳಿದವು. ಗೋರ್ಲಿಟ್ಸ್‌ನಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡಗಳು ಸುಮಾರು 4,000. ಕಮ್ಯುನಿಸ್ಟ್ ಆಡಳಿತದ ಕೊನೆಯ ದಿನಗಳಲ್ಲಿ ಅವುಗಳಲ್ಲಿ ಎಷ್ಟೋ ಮಾಡು ಸೋರಿ, ಗೋಡೆ ಬಿರಿದು ಬೀಳುವ ಸ್ಥಿತಿಯಲ್ಲಿದ್ದವು. 1990ರ ನಂತರ ಸರ್ಕಾರದ ಹಣ ಬಂತು. ಅದರ ಜೊತೆಗೆ 1995ರಲ್ಲಿ ಅಪರೂಪದ ಒಂದು ದತ್ತಿಯೂ ಬಂತು. ಹೆಸರು ಹೇಳದ ಒಬ್ಬ ದಾನಿ ನಗರಕ್ಕೆ ಹತ್ತು ಲಕ್ಷ ಜರ್ಮನ್ ಮಾರ್ಕ್ ಕಳಿಸಿದರು. ಮರುವರ್ಷ ಮತ್ತೆ, ಅದರ ಮರುವರ್ಷ ಮತ್ತೆ. ಮಾರ್ಕ್ ಹೋಗಿ ಯೂರೊ ಬಂದ ಮೇಲೆ ಪ್ರತಿ ವರ್ಷ 5,11,500 ಯೂರೊ. 2016ರವರೆಗೆ ಇದು ತಪ್ಪದೆ ನಡೆಯಿತು. ಒಟ್ಟು ಮೊತ್ತ ಒಂದು ಕೋಟಿ ಯೂರೊ ದಾಟಿತು. ಷರತ್ತು ಒಂದೇ: ದಾನಿ ಯಾರೆಂದು ಹುಡುಕಬಾರದು, ಹುಡುಕಿದರೆ ಹಣ ನಿಲ್ಲುತ್ತದೆ. ಊರಿನವರು ಆ ಮಾತನ್ನು ಉಳಿಸಿಕೊಂಡರು. ಆ ಹಣದಿಂದ ನೂರಾರು ಕಟ್ಟಡಗಳ ಬಾಗಿಲು, ಚಾವಣಿ, ಚಿತ್ತಾರ, ಗೋಪುರಗಳು ಜೀವ ಪಡೆದವು.

ದತ್ತಿಯ ಹೆಸರಿನಲ್ಲಿ ನಾವು ಕೂಡಿರುವ ಈ ಸಭೆಯಲ್ಲಿ ಆ ದಾನಿಯನ್ನು ನೆನೆಯುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ಕೊಟ್ಟ ಮೇಲೆ ಕೊಟ್ಟದ್ದರ ಮೇಲಿನ ಹಕ್ಕನ್ನು ಪೂರ್ತಿ ಬಿಡುವುದು ಎಷ್ಟು ದೊಡ್ಡ ಶಕ್ತಿ! 1990ರ ಒಪ್ಪಂದದಲ್ಲಿ ಒಂದು ದೇಶ ಮಾಡಿದ್ದು, 1995ರಿಂದ ಒಬ್ಬ ವ್ಯಕ್ತಿ ಮಾಡಿದ್ದು, ಎರಡರ ಹಿಂದಿನ ಮನಸ್ಸು ಒಂದೇ ಎಂದು ನನಗೆ ತೋರುತ್ತದೆ. 'ಇದು ನನ್ನದಲ್ಲ, ಆದರೂ ಇದರ ಒಳಿತು ನನಗೆ ಬೇಕು' ಎನ್ನುವ ಮನಸ್ಸು ಅದು.

ಹೀಗೆ ಉಳಿದ ಬೀದಿಗಳೇ ಈಗ ಊರಿಗೆ ಅನ್ನ ಕೊಡುತ್ತಿವೆ. ಹಳೆಯ ಯುರೋಪನ್ನು ತೋರಿಸಬೇಕಾದ ಚಿತ್ರತಂಡಗಳು ಇಲ್ಲಿಗೆ ಬರುತ್ತವೆ. 1913ರಲ್ಲಿ ತೆರೆದ ಇಲ್ಲಿನ ಭವ್ಯ ಮಳಿಗೆಯ ಒಳಾಂಗಣವೇ ವೆಸ್ ಆಂಡರ್ಸನ್ ಅವರ 'ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಚಿತ್ರದಲ್ಲಿ ಹೋಟೆಲಿನ ಹಜಾರವಾಯಿತು. ಯಹೂದಿ ಪ್ರಾರ್ಥನಾಮಂದಿರ ದೀರ್ಘ ಕಾಲದ ಜೀರ್ಣೋದ್ಧಾರದ ನಂತರ 2021ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಿತು.

ಆದರೂ ನೆರೆತನ ಬೇರೂರಿರುವುದು ಇನ್ನೂ ಸಣ್ಣ ಸಂಗತಿಗಳಲ್ಲಿ. ಗೋರ್ಲಿಟ್ಸ್‌ನ ಒಂದು ಪ್ರೌಢಶಾಲೆಯಲ್ಲಿ ಜರ್ಮನ್ ಮತ್ತು ಪೋಲಿಷ್ ಮಕ್ಕಳು ಎರಡೂ ಭಾಷೆಯಲ್ಲಿ ಒಟ್ಟಿಗೆ ಓದುತ್ತಾರೆ. ಸಾವಿರಾರು ಪೋಲಿಷ್ ಪ್ರಜೆಗಳು ಗೋರ್ಲಿಟ್ಸ್‌ನಲ್ಲಿ ಮನೆ ಮಾಡಿದ್ದಾರೆ. ಖಾಲಿ ಬೀಳುತ್ತಿದ್ದ ಮನೆಗಳಲ್ಲಿ ಮತ್ತೆ ಮಕ್ಕಳ ಸದ್ದಿದೆ. ಎರಡು ಊರುಗಳ ನಗರಸಭೆಗಳು ಜಂಟಿ ಸಭೆ ಸೇರುತ್ತವೆ. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಜಾಲಗಳನ್ನು ನದಿಯಾಚೆ ಈಚೆ ಜೋಡಿಸಿ, 2030ರೊಳಗೆ ಕಲ್ಲಿದ್ದಲಿನ ಅವಲಂಬನೆಯಿಂದ ಹೊರಬರುವ ಯೋಜನೆ ಎರಡೂ ಊರುಗಳ ಮುಂದಿದೆ. ಒಂದೇ ಕೊಳವೆಯ ಬಿಸಿಯಲ್ಲಿ ಎರಡು ದೇಶದ ಮನೆಗಳು ಚಳಿ ಕಳೆಯುತ್ತವೆ ಎಂದರೆ, ಅಲ್ಲಿ ಜಗಳವಾಡುವುದು ಇಬ್ಬರಿಗೂ ನಷ್ಟ. ನೆರೆತನಕ್ಕೆ ಇಂಥ ಗಟ್ಟಿ ಪರಸ್ಪರಾವಲಂಬನೆ ಬೇಕು.

ಶಿಬಿರದಲ್ಲಿ ಹುಟ್ಟಿದ ನಾದ

ಹಂಚಿಕೊಳ್ಳಲು ಕಷ್ಟವಾದದ್ದು ನೆನಪು. ಅದರ ಬಗ್ಗೆ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರ ಒಂದು ಎಳೆ ನಮ್ಮ ನೆಲಕ್ಕೂ ಬರುತ್ತದೆ.

ಯುದ್ಧಕಾಲದಲ್ಲಿ ಊರಿನ ಪೂರ್ವ ಭಾಗದಲ್ಲಿ ಜರ್ಮನರು 'ಸ್ಟಾಲಾಗ್ 8-ಎ' ಎಂಬ ಯುದ್ಧಕೈದಿಗಳ ಶಿಬಿರ ನಡೆಸುತ್ತಿದ್ದರು. ಪೋಲೆಂಡ್, ಫ್ರಾನ್ಸ್, ಬೆಲ್ಜಿಯಂ, ಸೋವಿಯತ್ ಒಕ್ಕೂಟ ಹೀಗೆ ನಾನಾ ದೇಶಗಳ ಲಕ್ಷಕ್ಕೂ ಹೆಚ್ಚು ಸೈನಿಕರು ಅದರ ಮೂಲಕ ಹಾದುಹೋದರು. ಅತ್ಯಂತ ಕ್ರೂರವಾಗಿ ನಡೆಸಿಕೊಂಡದ್ದು ಸೋವಿಯತ್ ಕೈದಿಗಳನ್ನು; ಸಾವಿರಾರು ಜನ ಅಲ್ಲೇ ಸತ್ತರು. 1940ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಕೈದಿಗಳಲ್ಲಿ ಒಲಿವಿಯೇ ಮೆಸ್ಸಿಯಾನ್ ಎಂಬ ಸಂಗೀತಗಾರನೂ ಇದ್ದ. ಬ್ರ್ಯೂಲ್ ಎಂಬ ಜರ್ಮನ್ ಕಾವಲುಗಾರ ಅವನಿಗೆ ಹಾಳೆ, ಪೆನ್ಸಿಲ್ ಒದಗಿಸಿದ. ಮೆಸ್ಸಿಯಾನ್ 'ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ' ಎಂಬ ಎಂಟು ಭಾಗಗಳ ಕೃತಿ ರಚಿಸಿದ. 1941ರ ಜನವರಿ 15ರ ಕೊರೆಯುವ ಚಳಿಯಲ್ಲಿ ಶಿಬಿರದ ಒಂದು ಬ್ಯಾರಕ್ಕಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಕ್ಲಾರಿನೆಟ್ ನುಡಿಸಿದವನು ಆನ್ರಿ ಅಕೋಕಾ, ಪಿಟೀಲು ಜ್ಯಾನ್ ಲ ಬುಲೇರ್, ಚೆಲ್ಲೊ ಎಟಿಯೆನ್ ಪಾಸ್ಕಿಯೇ, ಪಿಯಾನೊ ಸ್ವತಃ ಮೆಸ್ಸಿಯಾನ್. ಕೇಳುಗರು ಕೈದಿಗಳು ಮತ್ತು ಕಾವಲುಗಾರರು.

ಆ ಕೃತಿಯ ಮೊದಲ ಭಾಗದಲ್ಲಿ ಪಿಯಾನೊ ಮತ್ತೆ ಮತ್ತೆ ಸುತ್ತುವ ಲಯಕ್ಕೆ ಆಧಾರ ಮೂರು ಭಾರತೀಯ ತಾಳಗಳು: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಪಟ್ಟಿ ಮಾಡಿರುವ 120 ದೇಶೀ ತಾಳಗಳಲ್ಲಿ ಸೇರಿದವು ಇವು. ಫ್ರೆಂಚ್ ಸಂಗೀತಕೋಶವೊಂದರಲ್ಲಿ ಆ ಪಟ್ಟಿ ಅಚ್ಚಾಗಿತ್ತು. ಮೆಸ್ಸಿಯಾನ್ ಅದನ್ನು ಬಹಳ ಮೊದಲೇ ಅಭ್ಯಾಸ ಮಾಡಿದ್ದ. ಅದೇ ರತ್ನಾಕರಕ್ಕೆ ಹದಿನೈದನೆಯ ಶತಮಾನದಲ್ಲಿ ನಮ್ಮ ವಿಜಯನಗರದಲ್ಲಿ ಕುಳಿತು 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದವನು ಕಲ್ಲಿನಾಥ. ದಖ್ಖನ್ನಿನಲ್ಲಿ ಬರೆದಿಟ್ಟ, ತುಂಗಭದ್ರೆಯ ದಡದಲ್ಲಿ ಅರ್ಥ ಬಿಡಿಸಿದ ತಾಳಗಳು ಏಳು ಶತಮಾನಗಳ ಮೇಲೆ ನೈಸೆಯ ದಡದ ಮುಳ್ಳುತಂತಿಯೊಳಗೆ ನುಡಿದವು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಗಿಂತ ಹೆಚ್ಚಾಗಿ ಒಂದು ಬಗೆಯ ಧೈರ್ಯ ಬರುತ್ತದೆ. ಮನುಷ್ಯನನ್ನು ಕೂಡಿಹಾಕಿದವರಿಗೆ ಅವನು ಕಲಿತದ್ದನ್ನು ಕೂಡಿಹಾಕಲು ಆಗಲಿಲ್ಲ.

ಯುದ್ಧದ ನಂತರ ಆ ಶಿಬಿರದ ಜಾಗ ಪೋಲೆಂಡಿಗೆ ಸೇರಿತು. ಜರ್ಮನರ ಅಪರಾಧದ ನೆಲ, ಪೋಲರ ಹೊಸ ನೆಲ. ಅದನ್ನು ನೆನಪಿಡುವ ಹೊಣೆ ಯಾರದು ಎಂಬುದು ಬಹುಕಾಲ ಯಾರಿಗೂ ಬೇಡದ ಪ್ರಶ್ನೆಯಾಗಿತ್ತು. ಎರಡು ದಡದ ಜನ ಸೇರಿ ಕೆಲಸ ಮಾಡಿದ ಮೇಲೆ 2015ರಲ್ಲಿ ಅಲ್ಲಿ ಒಂದು ಸ್ಮಾರಕ ಮತ್ತು ಕಲಿಕೆಯ ಕೇಂದ್ರ ತೆರೆಯಿತು. ಪ್ರತಿ ವರ್ಷ ಜನವರಿ 15ರಂದು ಆ ಕೃತಿಯನ್ನು ಅಲ್ಲಿ ನುಡಿಸುತ್ತಾರೆ. ಗಡಿ ದಾಟಿ ಜನ ಕೇಳಲು ಬರುತ್ತಾರೆ. ನೆಲ ಪೋಲೆಂಡಿನದು, ಅಪರಾಧ ಜರ್ಮನಿಯದು, ಶೋಕ ಎಲ್ಲರದು. ನೆಲದ ಒಡೆತನದ ಜಗಳ ಮುಗಿದಿದ್ದರಿಂದಲೇ ಶೋಕವನ್ನು ಹಂಚಿಕೊಳ್ಳಲು ಸಾಧ್ಯವಾಯಿತು.

ಇಂದಿನ ಆತಂಕ

ಇಷ್ಟು ಕಷ್ಟಪಟ್ಟು ಕಟ್ಟಿದ್ದು ಎಷ್ಟು ಬೇಗ ಅಲುಗಾಡಬಹುದು ಎಂಬುದನ್ನೂ ಗೋರ್ಲಿಟ್ಸ್ ಈಚಿನ ವರ್ಷಗಳಲ್ಲಿ ಕಂಡಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಪೋಲೆಂಡ್ ಗಡಿ ಮುಚ್ಚಿದಾಗ ಹಳೆಯೂರಿನ ಸೇತುವೆಯ ಮೇಲೆ ಬೇಲಿ ಎದ್ದಿತು. ಆಚೆ ಮನೆ, ಈಚೆ ಕೆಲಸ ಇದ್ದವರು ಸಿಕ್ಕಿಬಿದ್ದರು. ಒಂದೇ ಕುಟುಂಬದವರು ಬೇಲಿಯ ಎರಡು ಬದಿಯಲ್ಲಿ ನಿಂತು ಮಾತಾಡಿದರು. ಜೂನ್ 13ರಂದು ಗಡಿ ತೆರೆಯಿತು. ಆದರೆ 2023ರ ಅಕ್ಟೋಬರ್‌ನಿಂದ ವಲಸೆ ತಡೆಯುವ ಹೆಸರಿನಲ್ಲಿ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಆರಂಭಿಸಿತು. 2025ರ ಜುಲೈಯಲ್ಲಿ ಪೋಲೆಂಡೂ ತನ್ನ ಕಡೆಯಿಂದ ಆರಂಭಿಸಿತು.

ರಾಜಕೀಯವೂ ಬದಲಾಗಿದೆ. 2019ರ ಮೇಯರ್ ಚುನಾವಣೆಯಲ್ಲಿ ವಲಸೆ ವಿರೋಧಿ ಎ.ಎಫ್.ಡಿ. ಪಕ್ಷದ ಅಭ್ಯರ್ಥಿ ಶೇಕಡಾ 44.8 ಮತ ಪಡೆದು ಸೋತ. ಗೆದ್ದವರು ಒಕ್ಟಾವಿಯಾನ್ ಉರ್ಸು. ರುಮೇನಿಯಾದಲ್ಲಿ ಹುಟ್ಟಿ, ಇಲ್ಲಿನ ರಂಗಮಂದಿರದ ವಾದ್ಯವೃಂದದಲ್ಲಿ ತುತ್ತೂರಿ ನುಡಿಸಲು ಬಂದು ಊರಿನವರೇ ಆದವರು. ಆದರೆ ಈ ಕ್ಷೇತ್ರದ ಸಂಸತ್ ಸ್ಥಾನವನ್ನು 2017, 2021, 2025ರಲ್ಲಿ ಸತತವಾಗಿ ಗೆದ್ದದ್ದು ಎ.ಎಫ್.ಡಿ. ಪಕ್ಷವೇ. ಆ ಮತದಾರರನ್ನು ದೂರದಿಂದ ಬೈಯುವುದು ಸುಲಭ. ಕಾರ್ಖಾನೆ ಮುಚ್ಚಿ, ಮಕ್ಕಳು ಪಶ್ಚಿಮಕ್ಕೆ ಹೋಗಿ, ತಮ್ಮ ಮಾತಿಗೆ ಬೆಲೆಯಿಲ್ಲ ಎಂದು ಮೂರು ದಶಕ ಅನ್ನಿಸಿದವರ ಸಿಟ್ಟು ಅದರಲ್ಲಿದೆ. ಆದರೆ ಆ ಸಿಟ್ಟನ್ನು ಹೊರಗಿನಿಂದ ಬಂದವರತ್ತ ತಿರುಗಿಸಿ ಮತ ಮಾಡಿಕೊಳ್ಳುವ ರಾಜಕೀಯ ಈ ಊರಿಗೆ ಒಳ್ಳೆಯದು ಮಾಡೀತೆಂದು ನಾನು ನಂಬುವುದಿಲ್ಲ. 1945ರಲ್ಲಿ ಈ ಊರು ತುಂಬಿದ್ದೇ ಹೊರಗಿನಿಂದ ಬಂದವರಿಂದ.

ಕೊನೆಗೆ ಆ ಕಾರ್ಖಾನೆ. 1849ರಿಂದ ರೈಲು ಬೋಗಿ ಕಟ್ಟುತ್ತಿದ್ದ, ಎರಡು ಅಂತಸ್ತಿನ ಬೋಗಿಗಳಿಗೆ ಹೆಸರಾದ ಗೋರ್ಲಿಟ್ಸ್‌ನ ಕಾರ್ಖಾನೆಯಲ್ಲಿ ಆ ಕೆಲಸ ನಿಲ್ಲಿಸುವ ತೀರ್ಮಾನವಾಯಿತು. 2025ರ ಫೆಬ್ರುವರಿಯಲ್ಲಿ ಅದನ್ನು ಶಸ್ತ್ರಾಸ್ತ್ರ ತಯಾರಿಸುವ ಕೆ.ಎನ್.ಡಿ.ಎಸ್. ಕಂಪನಿಗೆ ವಹಿಸುವ ಒಪ್ಪಂದವಾಯಿತು. ಅಲ್ಲಿ ಯುದ್ಧ ಟ್ಯಾಂಕುಗಳ ಭಾಗಗಳನ್ನು ತಯಾರಿಸುವುದು ಆ ಒಪ್ಪಂದದ ಉದ್ದೇಶ. ಉಕ್ರೇನಿನಲ್ಲಿ ನಡೆಯುತ್ತಿರುವ ಯುದ್ಧವನ್ನು ನೋಡಿದವರಿಗೆ ಇದರ ಕಾರಣ ಅರ್ಥವಾಗುತ್ತದೆ. ಕೆಲಸ ಉಳಿದವರ ಮನೆಯಲ್ಲಿ ಒಲೆ ಉರಿಯುತ್ತದೆ ಎಂಬುದೂ ನಿಜ. ಆದರೂ ನನಗೆ ದುಃಖವಾಗುತ್ತದೆ. ನೆರೆಯವನ ನೆಲ ತನ್ನದೆಂದು ಇನ್ನೊಂದು ದೇಶ ಬಂದೂಕು ಹಿಡಿದು ಹೇಳುತ್ತಿರುವುದರ ಫಲವನ್ನು ಈ ಪುಟ್ಟ ಊರು ಉಣ್ಣುತ್ತಿದೆ.

ಸಭಿಕರೇ, ಭೂಪಟದ ಮೇಲೆ ಗೆರೆ ಎಳೆಯಲು 1945ರಲ್ಲಿ ಒಂದು ಬೇಸಿಗೆ ಸಾಕಾಯಿತು. ಆ ಗೆರೆಯ ಜೊತೆ ಮರ್ಯಾದೆಯಿಂದ ಬಾಳುವುದನ್ನು ಕಲಿಯಲು ಎರಡು ತಲೆಮಾರು ಹಿಡಿಯಿತು. ಈ ಕಲಿಕೆಯಲ್ಲಿ ಮೂರು ಮೆಟ್ಟಿಲುಗಳಿದ್ದವು, ಅವುಗಳ ಕ್ರಮವೂ ಮುಖ್ಯ. ಮೊದಲನೆಯದು, ನೆಲದ ಮೇಲಿನ ಹಕ್ಕನ್ನು ಒಳಗೊಂದು ಹೊರಗೊಂದು ಇಲ್ಲದೆ ಬಿಡುವುದು. ಎರಡನೆಯದು, ಶಾಲೆ, ಸೇತುವೆ, ಬಿಸಿನೀರಿನಂಥ ನಿತ್ಯದ ಅಗತ್ಯಗಳನ್ನು ಒಟ್ಟಾಗಿ ನಡೆಸುವುದು. ಮೂರನೆಯದು, ತನ್ನವರು ಮಾಡಿದ ತಪ್ಪನ್ನು ನೆರೆಯವನ ನೆಲದಲ್ಲಿ ನಿಂತು ನೆನೆಯುವುದು. ಹಕ್ಕು ಬಿಡದೆ ಸೇತುವೆ ಕಟ್ಟಿದರೆ ಅದರ ಮೇಲೆ ಅನುಮಾನವೇ ನಡೆದಾಡುತ್ತದೆ. ನಿತ್ಯದ ಕೊಡುಕೊಳೆ ಇಲ್ಲದೆ ಶೋಕಸಭೆ ನಡೆಸಿದರೆ ಅದು ಭಾಷಣವಾಗಿ ಮುಗಿಯುತ್ತದೆ.

ಗಡಿಗಳನ್ನು ಅಳಿಸಿಬಿಡುವ ಕನಸು ಕಾಣುವವರನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ಜೀವಿತಕಾಲದಲ್ಲಿ ನಾವು ಮಾಡಬಹುದಾದ ಕೆಲಸ ಬೇರೆಯದು: ಇರುವ ಗಡಿಯನ್ನು ಜಗಳದ ವಿಷಯವಾಗಲು ಬಿಡದೆ, ದಾಟಿ ಬಂದವನನ್ನು ಊರಿನವನಂತೆ ಕಾಣುವುದು. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ಯಾವುದೇ ಗಡಿಯ ಬಗ್ಗೆ ಮಾತು ಬಂದಾಗ ಆ ಗೆರೆಯ ಎರಡೂ ಬದಿಯಲ್ಲಿ ಯಾರ ಮನೆಗಳಿವೆ, ಅವರು ಎಲ್ಲಿಂದ ಬಂದರು, ಏನನ್ನು ಕಳೆದುಕೊಂಡರು ಎಂದು ಮೊದಲು ಕೇಳಿ ತಿಳಿಯಿರಿ. ಅದನ್ನು ತಿಳಿದ ಮೇಲೆ ನೀವು ಆಡುವ ಮಾತಿನಲ್ಲಿ ನ್ಯಾಯವಿರುತ್ತದೆ.